ದೊಡ್ಡ ಬ್ರೇಕ್ ಹಾಕಿದ್ರೆ ಕಾರು ಬೇಗ ನಿಲ್ಲುತ್ತಾ?

ಕಾರುಗಳ ಬಗ್ಗೆ ಮಾತು ಶುರುವಾದರೆ ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಒಂದು ವಾಕ್ಯ ಕೇಳಿಬಂದೇ ಬರುತ್ತೆ: "ಆರು ಪಿಸ್ಟನ್ ಕ್ಯಾಲಿಪರ್ ಮಗಾ, ದೊಡ್ಡ ಡಿಸ್ಕು, ಒತ್ತಿದ ಜಾಗದಲ್ಲೇ ನಿಲ್ಲುತ್ತೆ." ಕೇಳೋಕೆ ಚೆನ್ನಾಗಿದೆ. ಆದರೆ ಎರಡನೇ ಸೆಮಿಸ್ಟರ್‌ನ ಮೆಕ್ಯಾನಿಕ್ಸ್ ನೆನಪಿರುವ ಯಾರಿಗಾದರೂ ಇಲ್ಲಿ ಒಂದು ಅನುಮಾನ ಬರಬೇಕು. ಕಾರನ್ನು ನಿಲ್ಲಿಸುವ ಬಲ ಹೊರಗಿನಿಂದ ಬರಬೇಕಲ್ವಾ? ಡಿಸ್ಕು, ಪ್ಯಾಡು, ಕ್ಯಾಲಿಪರ್ ಎಲ್ಲವೂ ಕಾರಿನ ಜೊತೆಗೇ ಓಡುತ್ತಿರುವ ವಸ್ತುಗಳು. ಹೊರಗಿನ ರಸ್ತೆಯನ್ನು ಮುಟ್ಟುತ್ತಿರೋದು ನಾಲ್ಕು ಟೈರುಗಳ ಅಂಗೈಯಗಲದ ತುಣುಕುಗಳು ಮಾತ್ರ.

ಒಳ್ಳೆಯ ಟೈರಿಗೆ ಒಣ ರಸ್ತೆಯಲ್ಲಿ ಘರ್ಷಣಾಂಕ 1 ಅಂತ ಹಿಡಿಯೋಣ. ಆಗ ಸಿಗುವ ಅತಿ ಹೆಚ್ಚಿನ ವೇಗಕುಸಿತ 1 ಜಿ, ಅಂದ್ರೆ 9.81. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ವೇಗದ ವರ್ಗವನ್ನು 2 × 9.81ರಿಂದ ಭಾಗಿಸಿದರೆ 39.3 ಮೀಟರ್. ಈ ಲೆಕ್ಕದಲ್ಲಿ ಡಿಸ್ಕಿನ ವ್ಯಾಸ ಎಲ್ಲೂ ಬರಲಿಲ್ಲ, ಪಿಸ್ಟನ್ ಸಂಖ್ಯೆಯೂ ಬರಲಿಲ್ಲ. ಕಂಪನಿಯಿಂದ ಬಂದ ಬ್ರೇಕುಗಳೇ 100ರ ವೇಗದಲ್ಲಿ ಎಬಿಎಸ್ ಅನ್ನು ಎಬ್ಬಿಸುತ್ತವೆ ಅಂದರೆ ಟೈರು ಕೊಡಬಹುದಾದಷ್ಟನ್ನು ಅವು ಆಗಲೇ ಪಡೆದುಕೊಂಡಿವೆ ಅಂತ ಅರ್ಥ. ಇನ್ನೂ ದೊಡ್ಡ ಬ್ರೇಕು ಹಾಕಿದರೆ ಎಬಿಎಸ್ ಸ್ವಲ್ಪ ಬೇಗ ಎಚ್ಚರವಾಗುತ್ತೆ, ಅಷ್ಟೇ. ನಿಲ್ಲುವ ದೂರ ಕಡಿಮೆ ಆಗಬೇಕಿದ್ದರೆ ದುಡ್ಡು ಹೋಗಬೇಕಾದ್ದು ಟೈರಿಗೆ.

ಹಾಗಾದರೆ ರೇಸ್‌ಕಾರುಗಳಿಗೆ ಅಷ್ಟು ದೊಡ್ಡ ಬ್ರೇಕು ಯಾಕೆ? ಮೇಲಿನ ಲೆಕ್ಕ ಒಂದೇ ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ. ಟ್ರ್ಯಾಕಿನಲ್ಲಿ ಪ್ರಶ್ನೆಯೇ ಬೇರೆ: ಹತ್ತನೇ ಸುತ್ತಿನಲ್ಲೂ ಅದೇ 1 ಜಿ ಸಿಗುತ್ತಾ?

ಒಂದು ನಿಜವಾದ ಕಾರನ್ನೂ ನಿಜವಾದ ಟ್ರ್ಯಾಕನ್ನೂ ಇಟ್ಟುಕೊಂಡು ನೋಡೋಣ. ಕಾರು 2013ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದ ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. (ಗಾಲ್ಫ್ ಜಿಟಿಐ ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದದ್ದು 2025ರಲ್ಲಿ, ಅದು ಮುಂದಿನ ತಲೆಮಾರಿನದು.) ಟ್ರ್ಯಾಕು ಜರ್ಮನಿಯ ಹಾಕನ್‌ಹೈಮ್. ಫಾರ್ಮುಲಾ ಸ್ಟೂಡೆಂಟ್ ಜರ್ಮನಿ ಸ್ಪರ್ಧೆ ನಡೆಯುವುದೂ ಇಲ್ಲೇ, ಹಾಗಾಗಿ ನಮ್ಮ ವರ್ಕ್‌ಶಾಪಿನ ಗೋಡೆಯ ಮೇಲೆ ಈ ಹೆಸರನ್ನು ಕೆಲವರಾದರೂ ನೋಡಿರುತ್ತೀರಿ. 4.574 ಕಿ.ಮೀ. ಉದ್ದದ ಈ ಟ್ರ್ಯಾಕಿನಲ್ಲಿ ಪರಾಬೋಲಿಕಾ ಅನ್ನುವ, ಸ್ವಲ್ಪವೇ ಬಾಗಿದ, ಒಂದು ಕಿಲೋಮೀಟರಿಗೂ ಮಿಕ್ಕಿದ ಓಟದ ಭಾಗವಿದೆ. ಅದರ ಕೊನೆಯಲ್ಲಿ ಸ್ಪಿಟ್ಸ್‌ಕೆರೆ ಅನ್ನುವ ಹೇರ್‌ಪಿನ್ ತಿರುವು. ಕೆರೆ ಅಂದ ಕೂಡಲೇ ನೀರು ನೆನೆಸಿಕೊಳ್ಳಬೇಡಿ, ಜರ್ಮನ್‌ನಲ್ಲಿ ಅದಕ್ಕೆ ತಿರುವು ಅಂತಲೇ ಅರ್ಥ.

ಕಾರು ಮತ್ತು ಚಾಲಕ ಸೇರಿ 1400 ಕೆ.ಜಿ. ಅಂತಿಟ್ಟುಕೊಳ್ಳಿ. ಗಂಟೆಗೆ 200 ಕಿ.ಮೀ. ವೇಗದಿಂದ 60ಕ್ಕೆ ಇಳಿಸಬೇಕು. ಅರ್ಧ ಎಂ ವಿ ವರ್ಗದ ಸೂತ್ರ ಹಾಕಿ ಮೊದಲಿನದರಲ್ಲಿ ಕೊನೆಯದನ್ನು ಕಳೆದರೆ ಸುಮಾರು 1.97 ಮೆಗಾಜೌಲ್. ಗಾಳಿಯ ತಡೆ ಒಂದಿಷ್ಟು ತಿನ್ನುತ್ತೆ, ಅದನ್ನು ಸದ್ಯಕ್ಕೆ ಬಿಡೋಣ. ಈ ಶಕ್ತಿ ಎಷ್ಟು ಅಂದರೆ, 20 ಡಿಗ್ರಿಯ ಸುಮಾರು ಆರು ಲೀಟರ್ ನೀರನ್ನು 100 ಡಿಗ್ರಿಗೆ ತರಬಹುದು. ಹಾಸ್ಟೆಲ್ ಮೆಸ್ಸಿನ ಒಲೆಯ ಮೇಲೆ ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಬ್ರೇಕಿಗೆ ಸಿಗುವುದು 4 ಸೆಕೆಂಡ್. ಭಾಗಿಸಿದರೆ ಸುಮಾರು 490 ಕಿಲೋವ್ಯಾಟ್, ಅಂದ್ರೆ 650 ಅಶ್ವಶಕ್ತಿಗೂ ಹೆಚ್ಚು. ಈ ಕಾರಿನ ಎಂಜಿನ್ ಕೊಡೋದು 220. ಕಾರಿನಲ್ಲಿರುವ ಅತಿ ಶಕ್ತಿಶಾಲಿ ಯಂತ್ರ ಬಾನೆಟ್ ಕೆಳಗಿಲ್ಲ, ಚಕ್ರಗಳ ಒಳಗಿದೆ.

ಈ ಶಾಖ ನಾಲ್ಕು ಚಕ್ರಗಳಿಗೂ ಸಮನಾಗಿ ಹಂಚಿಕೆಯಾಗೋದಿಲ್ಲ. ಮುಂದೆ ಎಂಜಿನ್ ಇರುವ ಕಾರು, ನಿಂತಾಗಲೇ ಭಾರದ ಸುಮಾರು 60 ಪಾಲು ಮುಂದಿನ ಚಕ್ರಗಳ ಮೇಲೆ. ಬ್ರೇಕ್ ಒತ್ತಿದಾಗ ಭಾರ ಇನ್ನೂ ಮುಂದಕ್ಕೆ ವಾಲುತ್ತೆ. ಎಷ್ಟು ಅಂತ ತಿಳಿಯಲು ಗುರುತ್ವ ಕೇಂದ್ರದ ಎತ್ತರವನ್ನು ವೀಲ್‌ಬೇಸಿನಿಂದ ಭಾಗಿಸಿ, ಜಿಯಲ್ಲಿ ಗುಣಿಸಬೇಕು. ವೀಲ್‌ಬೇಸ್ 2.63 ಮೀಟರ್, ಗುರುತ್ವ ಕೇಂದ್ರ 0.53 ಮೀಟರ್ ಎತ್ತರದಲ್ಲಿದೆ ಅಂತ ಹಿಡಿದರೆ 1 ಜಿಯಲ್ಲಿ ನೂರಕ್ಕೆ 20. ಅಲ್ಲಿಗೆ ಮುಂದೆ 80, ಹಿಂದೆ 20. ಮುಂದಿನ ಒಂದೊಂದು ಡಿಸ್ಕಿನ ಪಾಲಿಗೆ ಸುಮಾರು 0.79 ಮೆಗಾಜೌಲ್ ಬಂತು.

ಈಗ ಡಿಸ್ಕಿನ ಗಾತ್ರ ಲೆಕ್ಕದೊಳಗೆ ಬರುತ್ತೆ. ಮಾಮೂಲಿ ಜಿಟಿಐಯ ಮುಂದಿನ ಡಿಸ್ಕ್ 312 ಮಿ.ಮೀ. ವ್ಯಾಸ, 25 ಮಿ.ಮೀ. ದಪ್ಪ. ಪರ್ಫಾರ್ಮೆನ್ಸ್ ಪ್ಯಾಕ್ ತೆಗೆದುಕೊಂಡವರಿಗೆ ಬಂದದ್ದು 340 ವ್ಯಾಸ, 30 ದಪ್ಪ. ಪ್ಯಾಡ್ ಉಜ್ಜುವ ಉಂಗುರದ ಭಾಗವನ್ನಷ್ಟೇ ತೆಗೆದುಕೊಂಡು, ನಡುವಿನ ಗಾಳಿದಾರಿಯನ್ನು ಕಳೆದರೆ ಮೊದಲನೆಯದು ಸುಮಾರು 6 ಕೆ.ಜಿ., ಎರಡನೆಯದು 8 ಅಂತ ನನ್ನ ಅಂದಾಜು. ಎರಕದ ಕಬ್ಬಿಣದ ವಿಶಿಷ್ಟ ಉಷ್ಣ ಕೆ.ಜಿ.ಗೆ ಸುಮಾರು 500 ಜೌಲ್. ಒಂದೇ ಬ್ರೇಕಿಗೆ ಚಿಕ್ಕ ಡಿಸ್ಕಿನ ಉಷ್ಣಾಂಶ 260 ಡಿಗ್ರಿಯಷ್ಟು ಜಿಗಿಯುತ್ತೆ, ದೊಡ್ಡದರದ್ದು 200ಕ್ಕಿಂತ ತುಸು ಕಮ್ಮಿ. ದೊಡ್ಡ ಡಿಸ್ಕಿನ ನಿಜವಾದ ಲಾಭ ಈ 60 ಡಿಗ್ರಿಯ ವ್ಯತ್ಯಾಸ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಮಂದಿ ಇದನ್ನು ದಾಟಿ ಹೋಗ್ತಾರೆ. ಡಿಸ್ಕಿನ ತೂಕ ಪ್ರತಿ ಬ್ರೇಕಿನ ಜಿಗಿತವನ್ನು ಮಾತ್ರ ತಗ್ಗಿಸುತ್ತೆ. ಇಪ್ಪತ್ತು ನಿಮಿಷದ ಓಟದಲ್ಲಿ ಡಿಸ್ಕಿನ ಸರಾಸರಿ ಉಷ್ಣಾಂಶ ಎಲ್ಲಿ ನಿಲ್ಲುತ್ತೆ ಅನ್ನೋದನ್ನು ತೂಕ ತೀರ್ಮಾನಿಸೋದಿಲ್ಲ. ಒಂದು ಸುತ್ತಿನಲ್ಲಿ ಒಳಬರುವ ಶಾಖ, ಅದೇ ಸುತ್ತಿನಲ್ಲಿ ಗಾಳಿಗೆ ಬಿಟ್ಟುಕೊಡುವ ಶಾಖ, ಇವೆರಡೂ ಸಮವಾದ ಕಡೆ ಸರಾಸರಿ ನಿಲ್ಲುತ್ತೆ. ತೂಕದ ಡಿಸ್ಕು ಅಲ್ಲಿಗೆ ತಡವಾಗಿ ತಲುಪುತ್ತೆ, ಆದರೆ ತಲುಪುತ್ತೆ. ದೊಡ್ಡ ಕೊಡದ ತಳ ತೂತಾದರೂ ತುಂಬೋಕೆ ಹೆಚ್ಚು ಹೊತ್ತು ಬೇಕು, ಆದರೆ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತೆ ಅನ್ನೋದು ನಲ್ಲಿಯ ಧಾರೆಗೂ ತೂತಿನ ಗಾತ್ರಕ್ಕೂ ಬಿಟ್ಟ ವಿಷಯ. ಇಲ್ಲಿ ತೂತು ಅಂದರೆ ತಂಪಾಗಿಸುವ ವ್ಯವಸ್ಥೆ: ಡಿಸ್ಕಿನ ಮೇಲ್ಮೈ, ಒಳಗಿನ ರೆಕ್ಕೆಗಳು, ಅಲ್ಲಿಗೆ ತಲುಪುವ ಗಾಳಿ. ಅದಕ್ಕೇ ಬಂಪರಿನಿಂದ ಕೊಳವೆ ಎಳೆದು ತಣ್ಣನೆಯ ಗಾಳಿಯನ್ನು ಡಿಸ್ಕಿನ ನಡುವಿನ ಕಣ್ಣಿಗೆ ಊದಿಸುವ ಡಕ್ಟ್, ನೋಡೋಕೆ ಏನೂ ಅಲ್ಲದಿದ್ದರೂ, ಕೊಟ್ಟ ದುಡ್ಡಿಗೆ ದೊಡ್ಡ ಡಿಸ್ಕಿಗಿಂತ ಹೆಚ್ಚು ಕೆಲಸ ಮಾಡಿಬಿಡುತ್ತೆ. ಗಾಳಿಯನ್ನು ಡಿಸ್ಕಿನ ಒಂದು ಮುಖಕ್ಕೆ ಊದಬಾರದು, ಒಂದು ಕಡೆ ತಣ್ಣಗಾಗಿ ಇನ್ನೊಂದು ಕಡೆ ಬಿಸಿ ಉಳಿದರೆ ಡಿಸ್ಕು ಬಾಗುತ್ತೆ. ನಡುವಿಗೆ ಊದಿದರೆ ಒಳಗಿನ ರೆಕ್ಕೆಗಳೇ ಪಂಪಿನ ಹಾಗೆ ಎಳೆದು ಹೊರಗೆ ತಳ್ಳುತ್ತವೆ.

ಇದೇ ಜಾಗಕ್ಕೆ, ಕ್ಯಾಲಿಪರ್ ಮೇಲೆ ಕೆಂಪು ಪ್ಲಾಸ್ಟಿಕ್ ಕವರ್ ಅಂಟಿಸಿಕೊಂಡು ಓಡಾಡುವ ಕಾರುಗಳನ್ನು ಬೆಂಗಳೂರಿನಲ್ಲಿ ದಿನಾ ನೋಡ್ತೀವಿ. ಬಿಸಿಲಲ್ಲಿ ಓಡುವವನಿಗೆ ಸ್ವೆಟರ್ ಹಾಕಿದ ಹಾಗೆ. ಇದರ ಬಗ್ಗೆ ಇಷ್ಟು ಸಾಕು.

ಶಾಖ ಹೆಚ್ಚಾದರೆ ನಿಜಕ್ಕೂ ಏನಾಗುತ್ತೆ? ಬ್ರೇಕು "ಫೇಡ್" ಆಯ್ತು ಅಂತೀವಿ, ಆದರೆ ಆ ಒಂದು ಪದದೊಳಗೆ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಎರಡಕ್ಕೂ ಮದ್ದು ಬೇರೆ. ಅವನ್ನು ಕಾಲಿನಲ್ಲೇ ಗುರುತಿಸಬಹುದು, ಟ್ರ್ಯಾಕಿಗೆ ಹೋಗುವವರು ಕಲಿಯಲೇಬೇಕಾದ ಸಂಗತಿ ಇದು.

ಮೊದಲನೆಯದರಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಧಾನವಾಗೋದಿಲ್ಲ. ಇದು ಪ್ಯಾಡಿನ ಸೋಲು. ಪ್ಯಾಡಿನ ಕಣಗಳನ್ನು ಹಿಡಿದಿಡುವ ರಾಳ ತನ್ನ ಮಿತಿ ಮೀರಿ ಬಿಸಿಯಾಗಿ ಅನಿಲ ಬಿಡೋಕೆ ಶುರುಮಾಡುತ್ತೆ, ಘರ್ಷಣಾಂಕ ಕುಸಿಯುತ್ತೆ. ರಸ್ತೆಗೆಂದು ಮಾಡಿದ ಪ್ಯಾಡುಗಳಿಗೆ ಸುಮಾರು 350–400 ಡಿಗ್ರಿ ದಾಟಿದ ಮೇಲೆ ಇದು ಸಹಜ. ಸ್ಪಿಟ್ಸ್‌ಕೆರೆಯ ಒಂದೇ ಬ್ರೇಕಿಗೆ 260 ಡಿಗ್ರಿ ಜಿಗಿತ ಅಂತ ಆಗಲೇ ನೋಡಿದೆವು. ಆಗಲೇ 200 ಡಿಗ್ರಿಯಲ್ಲಿರುವ ಡಿಸ್ಕಿನ ಮೇಲೆ ಅದನ್ನು ಕೂಡಿಸಿ ನೋಡಿ.

ಎರಡನೆಯದು ಹೆಚ್ಚು ಭಯಾನಕ. ಪೆಡಲ್ ಮೆತ್ತಗಾಗಿ, ಹತ್ತಿಯ ಹಾಗೆ ನೆಲದವರೆಗೂ ಹೋಗಿಬಿಡುತ್ತೆ. ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಶಾಖ ಹರಿದು ಆಯಿಲ್ ಕುದಿಯುತ್ತೆ. ದ್ರವವನ್ನು ಅದುಮೋಕೆ ಆಗಲ್ಲ, ಆವಿಯನ್ನು ಅದುಮಬಹುದು. ಪೆಡಲಿನ ಓಟವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲೇ ಖರ್ಚಾಗುತ್ತೆ. ಗಂಟೆಗೆ 200ರಲ್ಲಿ ಹೇರ್‌ಪಿನ್ ಎದುರಿಗಿರುವಾಗ ಹೀಗಾದರೆ ಉಳಿಯೋದು ಗೇರ್ ಇಳಿಸೋದು, ಪೆಡಲನ್ನು ಪಟಪಟನೆ ಪಂಪ್ ಮಾಡೋದು, ತಿರುವಿನಾಚೆ ಬಿಟ್ಟಿರುವ ಖಾಲಿ ಜಾಗ ಸಾಕಾಗಲಿ ಅಂತ ಬೇಡಿಕೊಳ್ಳೋದು.

ಬ್ರೇಕ್ ಆಯಿಲ್ ಅಂತ ನಾವು ಕರೆಯುವುದು ಎಣ್ಣೆಯಲ್ಲ, ಗ್ಲೈಕಾಲ್ ಈಥರ್ ಜಾತಿಯ ದ್ರವ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತೆ. ಅದಕ್ಕೇ ಅದರ ಕುದಿಬಿಂದುವಿಗೆ ಎರಡು ಅಂಕಿಗಳು. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ, ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ 155. ಡಾಟ್ 3ಕ್ಕೆ ಇದೇ ಅಂಕಿಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ರೇಸಿಂಗ್‌ಗೆಂದು ಮಾರುವ ಕೆಲವು ಆಯಿಲ್‌ಗಳು ಹೊಸದಾಗಿದ್ದಾಗ 300 ಡಿಗ್ರಿಯನ್ನೂ ದಾಟುತ್ತವೆ. ಮಂಗಳೂರು, ಉಡುಪಿ ಕಡೆ ಎರಡು ಮಳೆಗಾಲ ಕಳೆದ ಕಾರಿನ ಆಯಿಲ್ ಯಾವ ಅಂಕಿಗೆ ಹತ್ತಿರ ಇರುತ್ತೆ ಅಂತ ಹೇಳಬೇಕಾಗಿಲ್ಲ. ಡಾಟ್ 5 ಅಂತ ಇನ್ನೊಂದಿದೆ, ಅದು ಸಿಲಿಕೋನ್. 5.1ರ ಅಣ್ಣ ಅಂದುಕೊಂಡು ಇದರ ಜೊತೆ ಬೆರೆಸಬೇಡಿ.

ಈಗ ಗೊತ್ತಾಯ್ತಲ್ಲ, ಪೆಡಲ್ ಮೆತ್ತಗಾದವನು ಲಕ್ಷಗಟ್ಟಲೆ ಕೊಟ್ಟು ಕ್ಯಾಲಿಪರ್ ಕಿಟ್ ತರಿಸುವ ಮೊದಲು ಆಯಿಲ್ ಬದಲಿಸಿ, ನಾಲ್ಕೂ ಚಕ್ರಗಳಲ್ಲಿ ಗಾಳಿ ತೆಗೆಸಿ ನೋಡಬೇಕು. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದವನು ಟ್ರ್ಯಾಕ್ ಪ್ಯಾಡ್ ಹಾಕಿ ನೋಡಬೇಕು. ಟ್ರ್ಯಾಕ್ ಪ್ಯಾಡಿಗೂ ಅದರದೇ ಗುಣಗಳಿವೆ: ತಣ್ಣಗಿದ್ದಾಗ ಹಿಡಿಯೋದಿಲ್ಲ, ಕಿರುಚುತ್ತೆ, ಡಿಸ್ಕನ್ನು ಬೇಗ ಸವೆಸುತ್ತೆ. ಬೆಳಿಗ್ಗೆ ಮನೆಯಿಂದ ಹೊರಟ ಮೊದಲ ಸಿಗ್ನಲ್‌ನಲ್ಲಿ ಅದು ಮಾಮೂಲಿ ಪ್ಯಾಡಿಗಿಂತ ಕೆಟ್ಟದಾಗಿ ನಡೆದುಕೊಳ್ಳಬಹುದು. ಟ್ರ್ಯಾಕಿಗೆ ಹೋಗಿ ಅಲ್ಲೇ ಪ್ಯಾಡ್ ಬದಲಿಸಿಕೊಳ್ಳುವವರು ಇರುವುದು ಇದಕ್ಕೇ. ಇಷ್ಟೆಲ್ಲ ಮಾಡಿದ ಮೇಲೂ ಪ್ಯಾಡು ಒಂದೇ ದಿನಕ್ಕೆ ಮುಗಿಯುತ್ತಿದ್ದರೆ, ಡಿಸ್ಕಿನಲ್ಲಿ ಬಿರುಕು ಕಾಣುತ್ತಿದ್ದರೆ, ಆಗ ದೊಡ್ಡ ಡಿಸ್ಕಿನ ಮಾತು ನ್ಯಾಯವಾಗಿ ಬರುತ್ತೆ. ಉಷ್ಣಾಂಶ ಎಲ್ಲಿಗೆ ಹೋಗಿತ್ತು ಅಂತ ಊಹಿಸುವುದೂ ಬೇಡ. ಡಿಸ್ಕಿನ ಅಂಚಿಗೆ ಹಚ್ಚುವ ಬಣ್ಣಗಳು ಸಿಗುತ್ತವೆ, ಒಂದು 430, ಒಂದು 560, ಇನ್ನೊಂದು 610 ಡಿಗ್ರಿಯಲ್ಲಿ ರಂಗು ಬದಲಿಸುತ್ತೆ. ಓಟ ಮುಗಿಸಿ ಬಂದು ನೋಡಿದರೆ ಡಿಸ್ಕೇ ವರದಿ ಕೊಡುತ್ತೆ.

ಪಿಸ್ಟನ್‌ಗಳ ಸಂಖ್ಯೆಗೆ ಬರೋಣ, ಕ್ಯಾಂಟೀನ್ ವಾದ ಅಲ್ಲೇ ಶುರುವಾದದ್ದು. ಕ್ಯಾಲಿಪರ್ ಹಿಡಿಯುವ ಬಲ ಆಯಿಲಿನ ಒತ್ತಡ ಮತ್ತು ಒಂದು ಬದಿಯ ಪಿಸ್ಟನ್ ವಿಸ್ತೀರ್ಣದ ಗುಣಲಬ್ಧ. 54 ಮಿ.ಮೀ. ವ್ಯಾಸದ ಒಂಟಿ ಪಿಸ್ಟನ್ ಇರುವ ಜಾರುವ ಕ್ಯಾಲಿಪರ್ ತಗೊಳ್ಳಿ: ವಿಸ್ತೀರ್ಣ 2290 ಚದರ ಮಿ.ಮೀ. ನಾಲ್ಕು ಪಿಸ್ಟನ್‌ನ ಸ್ಥಿರ ಕ್ಯಾಲಿಪರ್‌ನಲ್ಲಿ ಒಂದೊಂದು ಬದಿಗೆ 36 ಮತ್ತು 40 ಮಿ.ಮೀ. ಪಿಸ್ಟನ್‌ಗಳಿದ್ದರೆ: 2274. ಅಂದ್ರೆ ಹೆಚ್ಚೂ ಕಡಿಮೆ ಅಷ್ಟೇ, ಕೂದಲೆಳೆಯಷ್ಟು ಕಮ್ಮಿಯೇ. ಜಾರುವ ಕ್ಯಾಲಿಪರ್‌ನಲ್ಲಿ ಎದುರು ಬದಿಯ ಬಲ ಪ್ರತಿಕ್ರಿಯೆಯಾಗಿ ತಾನೇ ಬರುತ್ತೆ. ನ್ಯೂಟನ್ನನ ಮೂರನೇ ನಿಯಮಕ್ಕೆ ಪಿಸ್ಟನ್ ಬೇಕಾಗಿಲ್ಲ. ನಾಲ್ಕು ಪಿಸ್ಟನ್‌ನಿಂದ ಲಾಭ ಇಲ್ಲ ಅಂತಲ್ಲ. ಉದ್ದನೆಯ ದೊಡ್ಡ ಪ್ಯಾಡಿಗೆ ಒತ್ತಡ ಸಮನಾಗಿ ಹಂಚಿಕೆಯಾಗುತ್ತೆ, ಕ್ಯಾಲಿಪರ್ ಗಟ್ಟಿಯಾಗಿರೋದರಿಂದ ಪೆಡಲಿನ ಸ್ಪರ್ಶ ಚುರುಕಾಗುತ್ತೆ, ಅಲ್ಯೂಮಿನಿಯಂ ಆದರೆ ತೂಕ ಉಳಿಯುತ್ತೆ. ಒಂದು ಬದಿಯಲ್ಲೇ ಎರಡು ಗಾತ್ರದ ಪಿಸ್ಟನ್ ಯಾಕೆ ಅಂದರೆ ಪ್ಯಾಡು ಓರೆಯಾಗಿ ಸವೆಯದಿರಲಿ ಅಂತ. ಆದರೆ "ನಾಲ್ಕು ಪಟ್ಟು ಬಲ" ಅನ್ನೋದು ಶುದ್ಧ ಸುಳ್ಳು. ವಿಸ್ತೀರ್ಣ ನಿಜವಾಗಿಯೂ ಹೆಚ್ಚಿರುವ ಕ್ಯಾಲಿಪರ್ ಹಾಕಿದರೆ ಅದನ್ನು ತಳ್ಳಲು ಹೆಚ್ಚು ಆಯಿಲ್ ಬೇಕು, ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲಿನ ಓಟ ಉದ್ದವಾಗುತ್ತೆ.

ಇನ್ನು ಸಮತೋಲ. ಮುಂದಿನ ಡಿಸ್ಕ್ ಮಾತ್ರ 312ರಿಂದ 340ಕ್ಕೆ ಹೋಯಿತು, ಪಿಸ್ಟನ್ ವಿಸ್ತೀರ್ಣವೂ ಪ್ಯಾಡಿನ ಗುಣವೂ ಬದಲಾಗಲಿಲ್ಲ ಅಂತಿಟ್ಟುಕೊಳ್ಳಿ. ಪ್ಯಾಡಿನ ಮಧ್ಯಬಿಂದು ಸುಮಾರು 129 ಮಿ.ಮೀ. ತ್ರಿಜ್ಯದಿಂದ 142ಕ್ಕೆ ಸರಿಯುತ್ತೆ, ಮುಂದಿನ ಟಾರ್ಕ್ ನೂರಕ್ಕೆ 10 ಹೆಚ್ಚುತ್ತೆ. ಮೊದಲು 80ಕ್ಕೆ 20 ಇದ್ದದ್ದು ಈಗ 88ಕ್ಕೆ 20. ಮುಂದಿನ ಟೈರುಗಳು ತಮ್ಮ ಮಿತಿಯಾದ 80ನ್ನು ಮುಟ್ಟಿದಾಗ ಹಿಂದಿನವು 18.2 ಮಾತ್ರ ಕೆಲಸ ಮಾಡುತ್ತಿರುತ್ತವೆ. ಒಟ್ಟು 98.2. ಎಬಿಎಸ್ ಇಲ್ಲದ ಕಾರಾದರೆ 39.3 ಮೀಟರಿನಲ್ಲಿ ನಿಲ್ಲುತ್ತಿದ್ದದ್ದು ಈಗ 40 ಮೀಟರ್. ಬ್ರೇಕು ದೊಡ್ಡದಾಯಿತು, ನಿಲ್ಲುವ ದೂರ ಮುಕ್ಕಾಲು ಮೀಟರಿನಷ್ಟು ಬೆಳೆಯಿತು! ಎಬಿಎಸ್ ಇದ್ದರೆ ಪೆಡಲನ್ನು ಇನ್ನೂ ಒತ್ತಿ ಹಿಂದಿನ ಚಕ್ರಗಳನ್ನೂ ಮಿತಿಗೆ ತರಬಹುದು, ಹಾಗಾಗಿ ನಷ್ಟ ಇಷ್ಟು ಕಾಣದಿರಬಹುದು. ಆದರೂ ಫೋಕ್ಸ್‌ವ್ಯಾಗನ್ ತಾನೇ ಪರ್ಫಾರ್ಮೆನ್ಸ್ ಪ್ಯಾಕ್ ಮಾಡಿದಾಗ ಏನು ಮಾಡಿತು ನೋಡಿ: ಮುಂದೆ 340 ಹಾಕಿ ಸುಮ್ಮನಾಗಲಿಲ್ಲ. ಹಿಂದಿನ 300 ಮಿ.ಮೀ.ನ ಘನ ಡಿಸ್ಕನ್ನೂ ತೆಗೆದು 310ರ ಗಾಳಿದಾರಿ ಇರುವ ಡಿಸ್ಕ್ ಹಾಕಿತು. ಮುಂದಿನ ಜೋಡಿಯನ್ನಷ್ಟೇ ಮಾರುವ ಅಂಗಡಿಯವರು ಈ ಅರ್ಧವನ್ನು ಹೇಳೋದಿಲ್ಲ.

ನಮ್ಮ ಫಾರ್ಮುಲಾ ಕಾರು ಕಟ್ಟುವ ಗೆಳೆಯರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಲ್ಲಿ ಬ್ರೇಕ್ ಪರೀಕ್ಷೆ ದಾಟಬೇಕಾದರೆ ನಾಲ್ಕೂ ಚಕ್ರಗಳು ಲಾಕ್ ಆಗಲೇಬೇಕು. ಮೂರು ಲಾಕ್ ಆಗಿ ಒಂದು ಉರುಳಿದರೂ ವಾಪಸ್ಸು ಬಂದು ಬಯಾಸ್ ಬಾರ್ ತಿರುಗಿಸುತ್ತಾ ಕೂರಬೇಕು. ಆ ಕಾರಿನ ಹಿಂಭಾರ ಹೆಚ್ಚು, ಗುರುತ್ವ ಕೇಂದ್ರ ತಗ್ಗು, ಆದ್ದರಿಂದ ಹಂಚಿಕೆ 80–20ರ ಹತ್ತಿರವೂ ಇರೋದಿಲ್ಲ. ಜಿಟಿಐಯ ಅಂಕಿಗಳನ್ನು ನಕಲು ಹೊಡೆಯದೆ ನಿಮ್ಮ ಕಾರಿನದ್ದನ್ನೇ ತೂಗಿ, ಅಳೆದು ಹಾಕಿ. ಅದು ಹಗುರ ಕಾರು, ವೇಗವೂ ಕಡಿಮೆ. ಅಲ್ಲಿ ಶಾಖಕ್ಕಿಂತ ಸಮತೋಲದ್ದೇ ತಲೆನೋವು, ದೊಡ್ಡ ಡಿಸ್ಕ್ ಬರೀ ಹೊರೆ.

ಹೊರೆ ಅಂದೆ, ಜಿಟಿಐಗೂ ಅದು ತಪ್ಪಿದ್ದಲ್ಲ. ಮುಂದಿನ ಒಂದೊಂದು ಚಕ್ರದಲ್ಲಿ ಎರಡು ಕೆ.ಜಿ. ಕಬ್ಬಿಣ ಹೆಚ್ಚಾದರೆ ಅದು ಸ್ಪ್ರಿಂಗಿನ ಕೆಳಗಿನ ತೂಕ, ಮೇಲಾಗಿ ತಿರುಗುವ ತೂಕ. ನಡುವಿನ ಟೊಪ್ಪಿಗೆ ಅಲ್ಯೂಮಿನಿಯಂ ಬಳಸಿದ ಎರಡು ತುಂಡಿನ ಡಿಸ್ಕ್ ಇದರಲ್ಲಿ ಒಂದಿಷ್ಟನ್ನು ವಾಪಸ್ ಕೊಡುತ್ತೆ, ಬಿಸಿಯಾದ ಉಂಗುರ ಹಿಗ್ಗಲೂ ಜಾಗ ಬಿಡುತ್ತೆ. 340ರ ಡಿಸ್ಕ್ ಮತ್ತು ಅದರ ಕ್ಯಾಲಿಪರ್ ಕೂರಲು ಕನಿಷ್ಠ 17 ಇಂಚಿನ ಚಕ್ರ ಬೇಕು. ಕ್ಯಾಲಿಪರ್‌ನ ಹೊರ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಚಕ್ರದೊಳಗೆ ಹಿಡಿದು ನೋಡಿ ಆಮೇಲೆ ದುಡ್ಡು ಕಟ್ಟಿ. ತೂತು ಕೊರೆದ ಡಿಸ್ಕ್ ಚಂದ ಕಾಣುತ್ತೆ, ಆದರೆ ಟ್ರ್ಯಾಕಿನ ಶಾಖಕ್ಕೆ ಬಿರುಕು ಶುರುವಾಗೋದು ಆ ತೂತುಗಳಿಂದಲೇ. ಗೀರು ಹಾಕಿದ್ದು ವಾಸಿ. ನಮ್ಮ ದೇಶದಲ್ಲಿ ರಸ್ತೆಯ ಮೇಲೂ ಓಡಿಸುವ ಕಾರಾದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನೂ ಒಮ್ಮೆ ಓದಿಕೊಳ್ಳಿ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದ ಬದಲಾವಣೆಗೆ ಅದು ಕಡಿವಾಣ ಹಾಕುತ್ತೆ.

ಓಟ ಮುಗಿದ ಮೇಲಿನ ಕೆಲಸ ಒಂದಿದೆ. ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಮುಟ್ಟದೆ ನಿಧಾನವಾಗಿ ಓಡಿಸಿ ತಣ್ಣಗಾಗಲು ಬಿಡಬೇಕು. ಪಿಟ್‌ನಲ್ಲಿ ನಿಲ್ಲಿಸಿ ಪೆಡಲ್ ಒತ್ತಿಕೊಂಡೇ ಕೂತರೆ ಕಾದ ಪ್ಯಾಡಿನ ಪದರ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಸ್ಟಿಯರಿಂಗ್ ನಡುಗಿದಾಗ "ಡಿಸ್ಕ್ ಬೆಂಡ್ ಆಗಿದೆ" ಅಂತ ಮೆಕ್ಯಾನಿಕ್ ಹೇಳೋದು ಬಹಳ ಸಲ ಇದನ್ನೇ. ಹ್ಯಾಂಡ್‌ಬ್ರೇಕ್ ಕೂಡ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಪೂರ್ತಿ ತಣ್ಣಗಾದ ಮೇಲೆ ಚಕ್ರ ಬಿಚ್ಚಿ, ಡಿಸ್ಕಿನ ಮೇಲೆ ಉಗುರು ಎಳೆದು ಬಿರುಕಿದೆಯಾ ನೋಡಿ, ಮೈಕ್ರೋಮೀಟರಿನಲ್ಲಿ ನಾಲ್ಕಾರು ಕಡೆ ದಪ್ಪ ಅಳೆಯಿರಿ. ಕನಿಷ್ಠ ಎಷ್ಟಿರಬೇಕು ಅನ್ನುವ ಅಂಕಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತೆ. ಪ್ಯಾಡಿನ ಧೂಳು ಒರೆಸಿದರೆ ಕಾಣುತ್ತೆ.